ಪೊಲೀಸರ ಚಿತ್ರೀಕರಣ: ಹಕ್ಕು, ಹೊಣೆಗಾರಿಕೆ, ವಿವಾದ

ಸಾರ್ವಜನಿಕ ಸ್ಥಳದಲ್ಲಿ ಕರ್ತವ್ಯದಲ್ಲಿರುವ ಪೊಲೀಸರ ಫೋಟೊ ಅಥವಾ ವಿಡಿಯೊ ತೆಗೆಯಲು ಪ್ರಜೆಗಳಿಗೆ ಎಷ್ಟರಮಟ್ಟಿಗೆ ಹಕ್ಕಿದೆ, ಹಾಗೆ ಸಿಕ್ಕ ದೃಶ್ಯದ ಬಲದಿಂದ ತಪ್ಪಿತಸ್ಥ ಅಧಿಕಾರಿಯನ್ನು ಕಟಕಟೆಗೆ ತರಲಾದೀತೇ ಎಂಬ ಎರಡು ಪ್ರಶ್ನೆಗಳ ಸುತ್ತ ಬೆಳೆದ ಚರ್ಚೆ. ಇದರ ಮುಖ್ಯ ಕಣ ಅಮೆರಿಕ ಸಂಯುಕ್ತ ಸಂಸ್ಥಾನ. ಬ್ರಿಟನ್, ಫ್ರಾನ್ಸ್, ಭಾರತಗಳಲ್ಲಿ ಅದೇ ಜಗಳ ಬೇರೆ ಬೇರೆ ಕಾನೂನುಗಳ ಮೇಲೆ ನಡೆದಿದೆ. ಮೊದಲ ಪ್ರಶ್ನೆಗೆ ಅಮೆರಿಕದ ನ್ಯಾಯಾಲಯಗಳು ಬಹುಮಟ್ಟಿಗೆ ಪ್ರಜೆಯ ಪರವಾಗಿ ಉತ್ತರ ಕೊಟ್ಟಾಗಿದೆ. ಎರಡನೆಯದು ಇತ್ಯರ್ಥವಾಗಿಲ್ಲ. ಕ್ಯಾಮೆರಾ ಹಿಡಿದವನು ಗೆದ್ದ ಎಷ್ಟೋ ಪ್ರಕರಣಗಳಲ್ಲಿ ಕ್ಯಾಮೆರಾದೊಳಗೆ ಸಿಕ್ಕಿಬಿದ್ದವನೂ ಪಾರಾಗಿದ್ದಾನೆ. ಈ ವಿಷಯದ ಇತಿಹಾಸ ಬಹುಪಾಲು ಆ ವೈಚಿತ್ರ್ಯದ ಇತಿಹಾಸವೇ.

ಆರಂಭ

ಪೊಲೀಸರ ಮೇಲೆ ಕಣ್ಣಿಡುವ ಅಭ್ಯಾಸ ಕೈಯಲ್ಲಿ ಹಿಡಿಯುವ ವಿಡಿಯೊ ಕ್ಯಾಮೆರಾಗಿಂತ ಹಳೆಯದು. 1966ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರು ಪೊಲೀಸ್ ಗಸ್ತು ವಾಹನಗಳ ಹಿಂದೆ ಹೋಗಿ, ಬಂಧನ ನಡೆಯುವಾಗ ಕಾನೂನು ಪುಸ್ತಕವನ್ನೂ ಬಂದೂಕನ್ನೂ ಹಿಡಿದು ದೂರದಲ್ಲಿ ನಿಲ್ಲುತ್ತಿದ್ದರು. 1990ರಲ್ಲಿ ಪಕ್ಕದ ಬರ್ಕ್‌ಲಿಯಲ್ಲಿ ಶುರುವಾದ ‘ಕಾಪ್‌ವಾಚ್’ ಗುಂಪು ಬಂದೂಕಿನ ಬದಲು ನೋಟ್‌ಬುಕ್ಕನ್ನೂ ವಿಡಿಯೊ ಕ್ಯಾಮೆರಾವನ್ನೂ ಹಿಡಿಯಿತು.

ಮರುವರ್ಷ, 1991ರ ಮಾರ್ಚ್ 3ರ ನಡುರಾತ್ರಿಯ ನಂತರ, ಲಾಸ್ ಏಂಜಲೀಸ್‌ನ ತನ್ನ ಮನೆಯ ಬಾಲ್ಕನಿಯಲ್ಲಿ ನಿಂತು ಜಾರ್ಜ್ ಹಾಲಿಡೇ ಎಂಬಾತ ಹೊಸದಾಗಿ ಕೊಂಡಿದ್ದ ಸೋನಿ ಹ್ಯಾಂಡಿಕ್ಯಾಮ್ ಚಾಲೂ ಮಾಡಿದ. ರಾಡ್ನಿ ಕಿಂಗ್ ಎಂಬ ಕರಿಯ ವಾಹನ ಚಾಲಕನನ್ನು ಪೊಲೀಸರು ಲಾಠಿಗಳಿಂದ ಮತ್ತೆ ಮತ್ತೆ ಬಡಿಯುವುದು ಅದರಲ್ಲಿ ದಾಖಲಾಯಿತು. ಹಾಲಿಡೇ ಮೊದಲು ವಿಚಾರಿಸಿದ್ದು ಪೊಲೀಸ್ ಠಾಣೆಯನ್ನೇ. ಅಲ್ಲಿ ಸರಿಯಾದ ಉತ್ತರ ಸಿಗದ ಮೇಲೆ ಟೇಪನ್ನು ಕೆಟಿಎಲ್‌ಎ ಎಂಬ ಸ್ಥಳೀಯ ಟಿ.ವಿ. ವಾಹಿನಿಗೆ ಕೊಟ್ಟ. ಕೆಲವೇ ದಿನಗಳಲ್ಲಿ ಅದು ಪ್ರಪಂಚವನ್ನೆಲ್ಲ ಸುತ್ತಿತು.

ನಾಲ್ವರು ಪೊಲೀಸರ ವಿಚಾರಣೆ ಲಾಸ್ ಏಂಜಲೀಸ್‌ನಿಂದ ಹೊರಗೆ, ಸಿಮಿ ವ್ಯಾಲಿ ಎಂಬ ಊರಿಗೆ ವರ್ಗವಾಯಿತು. ಅಲ್ಲಿ ಪ್ರತಿವಾದಿ ವಕೀಲರು ಟೇಪನ್ನು ಬಚ್ಚಿಡಲು ನೋಡಲಿಲ್ಲ. ಅದನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ, ಒಂದೊಂದು ಏಟನ್ನೂ ‘ಎದ್ದು ಬರುತ್ತಿರುವ ಆರೋಪಿಯನ್ನು ಹತೋಟಿಗೆ ತರುವ ಕ್ರಮ’ ಎಂದು ತಜ್ಞರ ಬಾಯಲ್ಲಿ ವಿವರಿಸಿದರು. ನೆಲಕ್ಕೆ ಬಿದ್ದವನ ಕಾಲಿನ ಅದುರು ಕೂಡ ಪ್ರತಿರೋಧವೆನಿಸಿತು. 1992ರ ಏಪ್ರಿಲ್ 29ರಂದು ಜ್ಯೂರಿ ಒಬ್ಬನ ಮೇಲಿನ ಒಂದು ಆರೋಪವನ್ನು ತೀರ್ಮಾನಿಸದೆ ಬಿಟ್ಟು, ಉಳಿದೆಲ್ಲದರಲ್ಲಿ ನಾಲ್ವರನ್ನೂ ಖುಲಾಸೆ ಮಾಡಿತು. ನಂತರದ ಗಲಭೆಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ನಷ್ಟದ ಅಂದಾಜು 100 ಕೋಟಿ ಡಾಲರಿನಷ್ಟು. 1993ರಲ್ಲಿ ಫೆಡರಲ್ ನ್ಯಾಯಾಲಯ ಇಬ್ಬರಿಗೆ 30 ತಿಂಗಳ ಸಜೆ ವಿಧಿಸಿತು. ಕಿಂಗ್‌ಗೆ ನಗರದಿಂದ 38 ಲಕ್ಷ ಡಾಲರ್ ಪರಿಹಾರ ಸಿಕ್ಕಿತು.

ಈ ಟೇಪಿನ ಬಾಳಿಕೆಯ ಫಲ ಇನ್ನೊಂದು ಕಡೆ ಇದೆ. 1994ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನು, ಹಕ್ಕುಗಳನ್ನು ರೂಢಿಯಾಗಿ ಉಲ್ಲಂಘಿಸುವ ಇಡೀ ಪೊಲೀಸ್ ಇಲಾಖೆಯ ಮೇಲೆಯೇ ದಾವೆ ಹೂಡುವ ಅಧಿಕಾರವನ್ನು ಕೇಂದ್ರ ನ್ಯಾಯಾಂಗ ಇಲಾಖೆಗೆ ಕೊಟ್ಟಿತು. ಮುಂದೆ ಲಾಸ್ ಏಂಜಲೀಸ್ ಸಹಿತ ಹಲವು ನಗರಗಳ ಪೊಲೀಸರು ನ್ಯಾಯಾಲಯದ ಮೇಲ್ವಿಚಾರಣೆಗೆ ಒಳಪಟ್ಟದ್ದು ಇದರಿಂದ. ಪತ್ರಿಕೆಗಳಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ. ಗಲಭೆಯಷ್ಟು ಕಣ್ಣು ಕುಕ್ಕುವ ಸಂಗತಿಯಲ್ಲವಲ್ಲ.

ಕದ್ದಾಲಿಕೆ ಕಾನೂನಿನ ದಾರಿ

ಮೊಬೈಲ್‌ಗೆ ಕ್ಯಾಮೆರಾ ಬಂದ ಮೇಲೆ ಹಾಲಿಡೇಯಂಥವರು ಬೀದಿಗೊಬ್ಬರಾದರು. 2009ರ ಹೊಸ ವರ್ಷದ ಬೆಳಗಿನ ಜಾವ ಓಕ್‌ಲೆಂಡ್‌ನ ಫ್ರೂಟ್‌ವೇಲ್ ರೈಲು ನಿಲ್ದಾಣದಲ್ಲಿ ಬೋರಲು ಮಲಗಿಸಿದ್ದ ಆಸ್ಕರ್ ಗ್ರ್ಯಾಂಟ್‌ನ ಬೆನ್ನಿಗೆ ರೈಲ್ವೆ ಪೊಲೀಸನೊಬ್ಬ ಗುಂಡು ಹೊಡೆದುದನ್ನು ಹಲವು ಪ್ರಯಾಣಿಕರು ಏಕಕಾಲಕ್ಕೆ ಚಿತ್ರಿಸಿಕೊಂಡರು. ಪಿಸ್ತೂಲನ್ನು ವಿದ್ಯುತ್ ಆಘಾತದ ಟೇಸರ್ ಎಂದು ಭಾವಿಸಿದೆ ಎಂಬುದು ಅವನ ಸಮಜಾಯಿಷಿ. ಉದ್ದೇಶವಿಲ್ಲದ ನರಹತ್ಯೆಗಾಗಿ ಎರಡು ವರ್ಷದ ಶಿಕ್ಷೆಯಾಯಿತು.

ಪೊಲೀಸರು ಇದಕ್ಕೆ ಎದುರಾಗಿ ಹಿಡಿದ ಅಸ್ತ್ರ ಯಾರೂ ನಿರೀಕ್ಷಿಸದ್ದು. ಫೋಟೊ ತೆಗೆಯುವುದನ್ನು ನಿಷೇಧಿಸುವ ಕಾನೂನು ಅಮೆರಿಕದಲ್ಲಿರಲಿಲ್ಲ. ಆದರೆ ಮಾತನಾಡುವ ಎಲ್ಲರ ಒಪ್ಪಿಗೆ ಇಲ್ಲದೆ ಸಂಭಾಷಣೆಯನ್ನು ಧ್ವನಿಮುದ್ರಿಸಬಾರದೆಂಬ ಕದ್ದಾಲಿಕೆ ಕಾನೂನು ಸುಮಾರು ಒಂದು ಡಜನ್ ರಾಜ್ಯಗಳಲ್ಲಿತ್ತು. ದೂರವಾಣಿ ಗುಟ್ಟುಗಳನ್ನು ಕಾಪಾಡಲು ಹುಟ್ಟಿದ ಆ ಕಾನೂನು ನಡುಬೀದಿಯ ಮೊಬೈಲ್ ವಿಡಿಯೊಗೆ ಅನ್ವಯವಾಗತೊಡಗಿತು. ಮೂಕಿ ಚಿತ್ರ ತೆಗೆದರೆ ಅಡ್ಡಿಯಿಲ್ಲ, ಶಬ್ದ ಸೇರಿದರೆ ಜೈಲು ಎಂಬ ಸ್ಥಿತಿ. ಮೇರಿಲ್ಯಾಂಡ್‌ನಲ್ಲಿ 2010ರಲ್ಲಿ ಬೈಕ್ ಸವಾರನೊಬ್ಬನ ಹೆಲ್ಮೆಟ್ ಕ್ಯಾಮೆರಾದಲ್ಲಿ, ಸಮವಸ್ತ್ರವಿಲ್ಲದ ಪೊಲೀಸನೊಬ್ಬ ಪಿಸ್ತೂಲು ಹಿರಿದು ಬರುವ ದೃಶ್ಯ ಸೆರೆಯಾಯಿತು. ಸವಾರ ಅದನ್ನು ಯೂಟ್ಯೂಬಿಗೆ ಹಾಕಿದ. ಅವನ ಮನೆಯ ಶೋಧ ನಡೆದು ಕದ್ದಾಲಿಕೆಯ ಮೊಕದ್ದಮೆ ಬಿತ್ತು. ಹೆದ್ದಾರಿಯಲ್ಲಿ ನಿಂತ ಪೊಲೀಸನಿಗೆ ಖಾಸಗಿತನದ ನಿರೀಕ್ಷೆ ಇರಲಾರದೆಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರು ಆ ಆರೋಪಗಳನ್ನು ತಳ್ಳಿಹಾಕಿದರು. ಇಲಿನಾಯ್ ರಾಜ್ಯದ ಕಾನೂನು ಇನ್ನೂ ಕಠಿಣವಾಗಿತ್ತು: ಪೊಲೀಸರ ಮಾತನ್ನು ಮುದ್ರಿಸಿದರೆ 15 ವರ್ಷದವರೆಗೆ ಸೆರೆ. ಪೊಲೀಸನೊಬ್ಬನಿಂದ ಲೈಂಗಿಕ ಕಿರುಕುಳವಾಯಿತೆಂದು ದೂರಲು ಹೋದ ಷಿಕಾಗೊದ ಯುವತಿಯೊಬ್ಬಳು, ದೂರು ಬೇಡವೆಂದು ಒತ್ತಾಯಿಸಿದ ತನಿಖಾಧಿಕಾರಿಗಳ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಂಡಳು. ಕಟಕಟೆ ಹತ್ತಿದ್ದು ಅವಳೇ. 2011ರಲ್ಲಿ ಜ್ಯೂರಿ ಅವಳನ್ನು ಬಿಡುಗಡೆ ಮಾಡಿತು.

ಗ್ಲಿಕ್ ತೀರ್ಪು ಮತ್ತು ನಂತರ

ಕಾನೂನು ತಿರುವು ಪಡೆದದ್ದು ಬಾಸ್ಟನ್‌ನಲ್ಲಿ. ಸೈಮನ್ ಗ್ಲಿಕ್ ಎಂಬ ವಕೀಲ 2007ರ ಅಕ್ಟೋಬರ್ 1ರಂದು ಬಾಸ್ಟನ್ ಕಾಮನ್ ಉದ್ಯಾನದ ಪಕ್ಕ ಹೋಗುವಾಗ ಮೂವರು ಪೊಲೀಸರು ಒಬ್ಬ ಯುವಕನನ್ನು ಬಂಧಿಸುತ್ತಿದ್ದರು. ಬಲಪ್ರಯೋಗ ಅತಿಯಾಯಿತೆನಿಸಿ ಗ್ಲಿಕ್ ಕೆಲವು ಅಡಿ ದೂರದಿಂದ ಫೋನಿನಲ್ಲಿ ಚಿತ್ರಿಸಿದ. ಶಬ್ದವೂ ಮುದ್ರಣವಾಗುತ್ತಿದೆಯೇ ಎಂದು ಕೇಳಿ, ಹೌದೆಂದ ತಕ್ಷಣ ಬೇಡಿ ಹಾಕಿದರು. ಕದ್ದಾಲಿಕೆ, ಶಾಂತಿಭಂಗ, ಕೈದಿ ತಪ್ಪಿಸಿಕೊಳ್ಳಲು ನೆರವು ಎಂಬ ಮೂರು ಆರೋಪಗಳೂ ನಿಲ್ಲಲಿಲ್ಲ. ಗ್ಲಿಕ್ ಮರಳಿ ದಾವೆ ಹೂಡಿದ. 2011ರ ಆಗಸ್ಟ್‌ನಲ್ಲಿ ಮೊದಲ ಸರ್ಕಿಟ್‌ನ (ಫೆಡರಲ್ ನ್ಯಾಯಾಂಗ ವಲಯದ) ಮೇಲ್ಮನವಿ ನ್ಯಾಯಾಲಯ, ಸಾರ್ವಜನಿಕ ಸ್ಥಳದಲ್ಲಿ ಪೊಲೀಸರನ್ನು ಚಿತ್ರಿಸುವುದು ಸಂವಿಧಾನದ ಮೊದಲ ತಿದ್ದುಪಡಿ ಕಾಪಾಡುವ ವಾಕ್ ಸ್ವಾತಂತ್ರ್ಯದ ಭಾಗ, ಅದು ಎಂದೋ ಸ್ಪಷ್ಟವಾಗಿ ನೆಲೆಗೊಂಡ ಹಕ್ಕು ಎಂದಿತು. ನಗರ 1,70,000 ಡಾಲರ್ ಕೊಟ್ಟು ರಾಜಿಯಾಯಿತು.

2012ರಲ್ಲಿ ಏಳನೇ ಸರ್ಕಿಟ್ ಇಲಿನಾಯ್ ಕಾನೂನನ್ನು ಪೊಲೀಸರ ವಿಷಯದಲ್ಲಿ ತಡೆಹಿಡಿಯಿತು. ಅಲ್ಲಿ ನ್ಯಾಯಮೂರ್ತಿ ರಿಚರ್ಡ್ ಪೋಸ್ನರ್ ಬರೆದ ಭಿನ್ನಮತ ಓದತಕ್ಕದ್ದು. ಪೊಲೀಸರೊಡನೆ ಮಾತನಾಡುವವರಲ್ಲಿ ಅಪರಾಧಕ್ಕೆ ಗುರಿಯಾದವರು, ಸಾಕ್ಷಿಗಳು, ಗುಟ್ಟಾಗಿ ಸುದ್ದಿ ಕೊಡುವವರು ಇರುತ್ತಾರೆ. ಯಾರೋ ಮುದ್ರಿಸಿಕೊಳ್ಳುತ್ತಿದ್ದರೆ ಅವರ ಬಾಯಿ ಕಟ್ಟಿಹೋಗುತ್ತದೆ ಎಂಬುದು ಅವರ ಆತಂಕ. ಪೊಲೀಸ್ ಪಕ್ಷದ ವಾದಗಳಲ್ಲಿ ಇಷ್ಟು ತೂಕದ್ದು ಇನ್ನೊಂದಿಲ್ಲ. ಕ್ಯಾಮೆರಾ ಪರ ಹೋರಾಟಗಾರರು ಇದಕ್ಕೆ ನೇರ ಉತ್ತರ ಕೊಟ್ಟದ್ದೂ ಕಡಿಮೆ.

ಮೂರನೇ ಮತ್ತು ಐದನೇ ಸರ್ಕಿಟ್‌ಗಳು 2017ರಲ್ಲಿ, ಹತ್ತನೆಯದು 2022ರಲ್ಲಿ ಇದೇ ಸಾಲು ಹಿಡಿದವು; ಒಂಬತ್ತು ಮತ್ತು ಹನ್ನೊಂದನೆಯವು ಮೊದಲೇ ಹಾಗೆ ಹೇಳಿದ್ದವು. ಮೂರನೇ ಸರ್ಕಿಟ್ ಮುಂದಿದ್ದ ಫಿಲಡೆಲ್ಫಿಯಾ ಪ್ರಕರಣದಲ್ಲಿ ಕೆಳ ನ್ಯಾಯಾಲಯ, ಪೊಲೀಸರನ್ನು ಟೀಕಿಸುವ ಉದ್ದೇಶ ಬಾಯಿಬಿಟ್ಟು ಹೇಳದೆ ಸುಮ್ಮನೆ ಫೋಟೊ ತೆಗೆದರೆ ರಕ್ಷಣೆಯಿಲ್ಲ ಎಂದಿತ್ತು. ಹಾಗಾದರೆ ಬೈದುಕೊಂಡೇ ಚಿತ್ರ ತೆಗೆಯಬೇಕಾಗುತ್ತಿತ್ತು! ಮೇಲ್ಮನವಿಯಲ್ಲಿ ಅದು ರದ್ದಾಯಿತು. ಫೋನನ್ನು ಕಸಿದುಕೊಂಡು ಒಳಗೇನಿದೆ ಎಂದು ನೋಡುವ ಪೊಲೀಸ್ ರೂಢಿಗೆ ತಡೆ ಹಾಕಿದ್ದು ಸುಪ್ರೀಂ ಕೋರ್ಟಿನ 2014ರ ರೈಲಿ ತೀರ್ಪು: ಬಂಧಿತನ ಫೋನ್ ಶೋಧಿಸಲೂ ವಾರಂಟ್ ಬೇಕು. ಪೊಲೀಸರನ್ನು ಚಿತ್ರಿಸುವ ಹಕ್ಕಿನ ಬಗ್ಗೆ ಮಾತ್ರ ಆ ನ್ಯಾಯಾಲಯ ನೇರ ತೀರ್ಪು ಕೊಟ್ಟಿಲ್ಲ.

ದೂರದ ಲೆಕ್ಕ

ಚಿತ್ರೀಕರಣವನ್ನು ತಡೆಯಲಾಗದೆಂದು ಖಚಿತವಾದ ಮೇಲೆ ಶಾಸಕರು ಅಳತೆಪಟ್ಟಿ ಹಿಡಿದರು. ಅರಿಜೋನಾ 2022ರಲ್ಲಿ ಮಾಡಿದ ಕಾನೂನಿನಂತೆ, ಪೊಲೀಸ್ ಕಾರ್ಯಾಚರಣೆಯಿಂದ 8 ಅಡಿಯೊಳಗೆ ನಿಂತು ಚಿತ್ರಿಸುವುದು ಅಪರಾಧ. ಮಸೂದೆ ತಂದವರು ಸ್ವತಃ ಮಾಜಿ ಪೊಲೀಸ್ ಅಧಿಕಾರಿ. ಅದೇ 8 ಅಡಿಯೊಳಗೆ ಕೈಕಟ್ಟಿ ನಿಂತು ನೋಡುವವನಿಗೆ ಶಿಕ್ಷೆಯಿರಲಿಲ್ಲ. ಫೋನ್ ಎತ್ತಿದರೆ ಮಾತ್ರ ತಪ್ಪು. ಫೆಡರಲ್ ನ್ಯಾಯಾಧೀಶರು ಜಾರಿಗೆ ಮೊದಲೇ ತಡೆ ಕೊಟ್ಟರು, ಮರುವರ್ಷ ಕಾನೂನು ಕಾಯಂ ಆಗಿ ಬಿದ್ದುಹೋಯಿತು. ಇಂಡಿಯಾನಾ (2023), ಲೂಸಿಯಾನಾ ಮತ್ತು ಫ್ಲಾರಿಡಾ (2024) ರಾಜ್ಯಗಳು ಇದರಿಂದ ಪಾಠ ಕಲಿತು ಕ್ಯಾಮೆರಾದ ಹೆಸರೆತ್ತದೆ, ಹಿಂದೆ ಸರಿಯಿರಿ ಎಂದ ಮೇಲೂ 25 ಅಡಿಯೊಳಗೆ ಬರುವವರನ್ನು ಅಪರಾಧಿಗಳಾಗಿಸಿದವು. 25 ಅಡಿ ಎಂದರೆ ಏಳೂವರೆ ಮೀಟರ್. ಅಲ್ಲಿಂದ ಮುಖ ಕಾಣುತ್ತದೆ, ಮಾತು ಸ್ಪಷ್ಟವಾಗಿ ಕೇಳುವುದು ಕಷ್ಟ. ಇಂಡಿಯಾನಾ, ಲೂಸಿಯಾನಾ ಕಾನೂನುಗಳಿಗೂ ಫೆಡರಲ್ ನ್ಯಾಯಾಲಯಗಳು ತಡೆ ನೀಡಿವೆ.

ಕಾನೂನಿನ ಹಂಗಿಲ್ಲದ ಉಪಾಯಗಳೂ ಹುಟ್ಟಿದವು. 2021ರಲ್ಲಿ ಬೆವರ್ಲಿ ಹಿಲ್ಸ್‌ನ ಅಧಿಕಾರಿಯೊಬ್ಬ ತನ್ನನ್ನು ನೇರಪ್ರಸಾರ ಮಾಡುತ್ತಿದ್ದವನ ಎದುರು ಫೋನಿನಲ್ಲಿ ಜನಪ್ರಿಯ ಹಾಡು ಹಾಕಿ ಸುಮ್ಮನೆ ನಿಂತ. ಹಾಡಿನ ಹಕ್ಕುಸ್ವಾಮ್ಯದ ನೆಪದಲ್ಲಿ ಜಾಲತಾಣ ಆ ವಿಡಿಯೊವನ್ನು ತಾನಾಗಿ ಕಿತ್ತುಹಾಕಲಿ ಎಂಬ ಲೆಕ್ಕಾಚಾರ ಇದರ ಹಿಂದಿತ್ತೆಂದು ಟೀಕೆ ಬಂತು.

ಚಿತ್ರದಿಂದ ಶಿಕ್ಷೆಯವರೆಗೆ

2014ರ ಜುಲೈ 17ರಂದು ನ್ಯೂಯಾರ್ಕ್‌ನ ಸ್ಟಾಟನ್ ಐಲೆಂಡ್‌ನಲ್ಲಿ ಎರಿಕ್ ಗಾರ್ನರ್‌ನ ಕುತ್ತಿಗೆಗೆ ಪೊಲೀಸನ ತೋಳು ಬಿದ್ದದ್ದನ್ನು, ಉಸಿರಾಡಲಾಗುತ್ತಿಲ್ಲ ಎಂದು ಅವನು ಹತ್ತಾರು ಬಾರಿ ಹೇಳಿದ್ದನ್ನು ಗೆಳೆಯನ ಫೋನ್ ದಾಖಲಿಸಿತ್ತು. ಗಾರ್ನರ್ ಸತ್ತ. ಆದರೂ ಗ್ರ್ಯಾಂಡ್ ಜ್ಯೂರಿ ಮೊಕದ್ದಮೆ ಬೇಡವೆಂದಿತು. ಆ ಅಧಿಕಾರಿ ಕೆಲಸ ಕಳೆದುಕೊಂಡದ್ದು 2019ರಲ್ಲಿ, ಐದು ವರ್ಷದ ಮೇಲೆ. 2015ರ ಏಪ್ರಿಲ್‌ನಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಓಡಿಹೋಗುತ್ತಿದ್ದ ವಾಲ್ಟರ್ ಸ್ಕಾಟ್‌ನ ಬೆನ್ನಿಗೆ ಗುಂಡಿಕ್ಕಿದ ಪೊಲೀಸನು, ಅವನು ನನ್ನ ಟೇಸರ್ ಕಿತ್ತುಕೊಂಡಿದ್ದ ಎಂದು ವರದಿ ಕೊಟ್ಟಿದ್ದ. ದಾರಿಹೋಕನ ವಿಡಿಯೊ ಆ ಕಥೆಯನ್ನು ಮುರಿಯಿತು. ಅಷ್ಟಾದರೂ ರಾಜ್ಯ ನ್ಯಾಯಾಲಯದ ಜ್ಯೂರಿಗೆ ಒಮ್ಮತ ಬರಲಿಲ್ಲ. ಕೊನೆಗೆ ಫೆಡರಲ್ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡು 20 ವರ್ಷದ ಶಿಕ್ಷೆ ಪಡೆದ.

ಕಣ್ಣೆದುರಿನ ಚಿತ್ರ ಜ್ಯೂರಿಯ ಮುಂದೆ ಏಕೆ ಕರಗುತ್ತದೆ? ಒಂದು ಕಾರಣ ಕಾನೂನಿನ ಮಾನದಂಡ. ಸುಪ್ರೀಂ ಕೋರ್ಟಿನ 1989ರ ಗ್ರಹಾಂ ತೀರ್ಪಿನ ಪ್ರಕಾರ ಬಲಪ್ರಯೋಗವನ್ನು ಆ ಕ್ಷಣದಲ್ಲಿ ಅಲ್ಲಿದ್ದ ವಿವೇಕಿ ಅಧಿಕಾರಿಯ ಕಣ್ಣಿನಿಂದ ಅಳೆಯಬೇಕು, ಆಮೇಲೆ ಕುಳಿತು ನೋಡುವವರ ಕಣ್ಣಿನಿಂದಲ್ಲ. ವಿಡಿಯೊ ನೋಡುವವರೆಲ್ಲ ಆಮೇಲೆ ಕುಳಿತು ನೋಡುವವರೇ. ಇನ್ನೊಂದು ಕಾರಣ ನೋಡುವವರಲ್ಲೇ ಇದೆ. 2007ರಲ್ಲಿ ಸುಪ್ರೀಂ ಕೋರ್ಟ್ ಕಾರು ಬೆನ್ನಟ್ಟಿದ ಪ್ರಕರಣವೊಂದರಲ್ಲಿ, ವಿಡಿಯೊ ನೋಡಿದ ಯಾರಿಗೂ ಸಂಶಯ ಉಳಿಯದು ಎಂಬ ಧಾಟಿಯಲ್ಲಿ ಪೊಲೀಸರ ಪರ ತೀರ್ಪಿತ್ತು, ವಿಡಿಯೊವನ್ನೇ ತನ್ನ ಜಾಲತಾಣದಲ್ಲಿ ಹಾಕಿತು. ಕಾನೂನು ವಿದ್ವಾಂಸ ಡ್ಯಾನ್ ಕಹಾನ್ ಮತ್ತು ಸಂಗಡಿಗರು ಅದನ್ನು 1,350 ಮಂದಿ ಅಮೆರಿಕನ್ನರಿಗೆ ತೋರಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಮತ ನ್ಯಾಯಾಲಯದ ಕಡೆಗೇ ಇತ್ತು. ಆದರೆ ಜನಾಂಗ, ವರಮಾನ, ವಾಸದ ಪ್ರದೇಶ, ರಾಜಕೀಯ ಒಲವುಗಳಿಗೆ ತಕ್ಕಂತೆ ಕಂಡದ್ದೂ ಬದಲಾಗಿತ್ತು.

ಸಿವಿಲ್ ದಾವೆಯ ದಾರಿಯಲ್ಲಿ ಬೇರೊಂದು ಗೋಡೆಯಿದೆ. ಕು ಕ್ಲಕ್ಸ್ ಕ್ಲ್ಯಾನ್ ಹಾವಳಿಯ ಕಾಲದಲ್ಲಿ, 1871ರಲ್ಲಿ, ಮಾಡಿದ ಕಾನೂನು ಸರ್ಕಾರಿ ಅಧಿಕಾರಿಯ ಮೇಲೆ ನೇರ ದಾವೆ ಹೂಡಲು ಪ್ರಜೆಗೆ ಅವಕಾಶ ಕೊಡುತ್ತದೆ. ಸುಪ್ರೀಂ ಕೋರ್ಟ್ 1967ರಲ್ಲಿ ಆರಂಭಿಸಿ 1982ರಲ್ಲಿ ಈಗಿನ ರೂಪ ಕೊಟ್ಟ ‘ಕ್ವಾಲಿಫೈಡ್ ಇಮ್ಯೂನಿಟಿ’ ತತ್ತ್ವ ಆ ಬಾಗಿಲನ್ನು ಅರ್ಧ ಮುಚ್ಚಿದೆ. ಅಧಿಕಾರಿ ಉಲ್ಲಂಘಿಸಿದ ಹಕ್ಕು ಆ ಹೊತ್ತಿಗೆ ‘ಸ್ಪಷ್ಟವಾಗಿ ನೆಲೆಗೊಂಡಿತ್ತು’ ಎಂದು ಸಾಬೀತಾಗದಿದ್ದರೆ ದಾವೆ ವಜಾ. ಫಿಲಡೆಲ್ಫಿಯಾದಲ್ಲಿ ಚಿತ್ರೀಕರಣದ ಹಕ್ಕನ್ನು ಎತ್ತಿಹಿಡಿದ ತೀರ್ಪೇ ಅಲ್ಲಿನ ಪೊಲೀಸರನ್ನು ಈ ತತ್ತ್ವದಡಿ ಬಿಟ್ಟುಬಿಟ್ಟಿತು. ಡೆನ್ವರ್‌ನಲ್ಲಿ ಚಿತ್ರ ತೆಗೆದವನೊಬ್ಬ ಪೊಲೀಸರ ಮೇಲೆ ಹೂಡಿದ ದಾವೆ ಇನ್ನೂ ವಿಚಿತ್ರ. ಜನ ಚಿತ್ರ ತೆಗೆದರೆ ತಡೆಯಬಾರದೆಂದು ಇಲಾಖೆಯೇ ಆ ಪೊಲೀಸರಿಗೆ ತರಬೇತಿ ಕೊಟ್ಟಿತ್ತು. ತರಬೇತಿಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ, ಹಕ್ಕು ನ್ಯಾಯಾಲಯದ ತೀರ್ಪಿನಿಂದ ನೆಲೆಗೊಂಡಿರಬೇಕು ಎಂದು 2021ರಲ್ಲಿ ಹತ್ತನೇ ಸರ್ಕಿಟ್ ಅವರಿಗೆ ರಕ್ಷಣೆ ನೀಡಿತು.

ದಾವೆ ಗೆದ್ದರೂ ಹಣ ಕೊಡುವವನು ತಪ್ಪಿತಸ್ಥನಲ್ಲ. ಕಾನೂನು ವಿದ್ವಾಂಸೆ ಜೊಆನಾ ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪೊಲೀಸರ ವಿರುದ್ಧದ ದಾವೆಗಳಲ್ಲಿ ಪಾವತಿಯಾದ ಹಣದಲ್ಲಿ ಶೇ 99.98ರಷ್ಟು ಸರ್ಕಾರಗಳ ಬೊಕ್ಕಸದಿಂದಲೇ ಬಂದಿತ್ತು. ಏಟು ತಿಂದವನ ತೆರಿಗೆಯೂ ಅದರಲ್ಲಿ ಸೇರಿರುತ್ತದೆ. 2020ರಲ್ಲಿ ಕೊಲರಾಡೊ ರಾಜ್ಯ, ತನ್ನ ಕಾನೂನಿನಡಿ ಹೂಡುವ ದಾವೆಗಳಲ್ಲಿ ಈ ರಕ್ಷಣೆಯನ್ನು ತೆಗೆದುಹಾಕಿ, ಕೃತ್ಯ ಕಾನೂನುಬದ್ಧವೆಂಬ ಸದ್ಭಾವದ ನಂಬಿಕೆಯಿಲ್ಲದೆ ವರ್ತಿಸಿದ ಅಧಿಕಾರಿಯ ಜೇಬಿನಿಂದ 25,000 ಡಾಲರ್‌ವರೆಗೆ ವಸೂಲಿಗೆ ಅವಕಾಶ ಮಾಡಿತು.

ಮಿನಿಯಾಪೊಲಿಸ್, 2020

2020ರ ಮೇ 25ರ ಸಂಜೆ ಜಾರ್ಜ್ ಫ್ಲಾಯ್ಡ್ ಸತ್ತ ನಂತರ ಮಿನಿಯಾಪೊಲಿಸ್ ಪೊಲೀಸರು ಕೊಟ್ಟ ಮೊದಲ ಪ್ರಕಟಣೆ, ಪೊಲೀಸರೊಂದಿಗಿನ ವ್ಯವಹಾರದ ವೇಳೆ ವೈದ್ಯಕೀಯ ತೊಂದರೆಯಿಂದ ಒಬ್ಬಾತ ಮೃತಪಟ್ಟನೆಂದು ಹೇಳಿತ್ತು. ಪೊಲೀಸನೊಬ್ಬ ಅವನ ಕುತ್ತಿಗೆಯ ಮೇಲೆ ಊರಿದ್ದ ಮೊಣಕಾಲಿನ ಮಾತೇ ಅದರಲ್ಲಿರಲಿಲ್ಲ. ಡಾರ್ನೆಲ್ಲಾ ಫ್ರೇಜರ್ ಎಂಬ 17 ವರ್ಷದ ಹುಡುಗಿ ಫುಟ್‌ಪಾತ್ ಮೇಲೆ ನಿಂತು ತೆಗೆದ ವಿಡಿಯೊ ಅದೇ ರಾತ್ರಿ ಫೇಸ್‌ಬುಕ್‌ನಲ್ಲಿ ಬಾರದಿದ್ದರೆ ಆ ಪ್ರಕಟಣೆಯೇ ದಾಖಲೆಯಾಗುತ್ತಿತ್ತು. ಗಮನಿಸಬೇಕಾದ ಅಂಶವೆಂದರೆ, ಅಲ್ಲಿದ್ದ ಪೊಲೀಸರ ಎದೆಯ ಮೇಲೂ ಕ್ಯಾಮೆರಾಗಳಿದ್ದವು. ಅವುಗಳ ದೃಶ್ಯ ಜನರಿಗೆ ಸಿಕ್ಕಿದ್ದು ಆಗಸ್ಟ್‌ನಲ್ಲಿ. ಕುತ್ತಿಗೆಯ ಮೇಲೆ ಮೊಣಕಾಲು ಊರಿದ್ದು 9 ನಿಮಿಷ 29 ಸೆಕೆಂಡ್ ಎಂದು ವಿಚಾರಣೆಯಲ್ಲಿ ಖಚಿತವಾಯಿತು. ಮೊಣಕಾಲು ಊರಿದ ಪೊಲೀಸ ಡೆರೆಕ್ ಶಾವಿನ್‌ಗೆ 22 ವರ್ಷ 6 ತಿಂಗಳ ಶಿಕ್ಷೆಯಾಯಿತು. ನಗರ ಕುಟುಂಬಕ್ಕೆ 2.7 ಕೋಟಿ ಡಾಲರ್ ಕೊಟ್ಟಿತು. 2021ರಲ್ಲಿ ಪುಲಿಟ್ಜರ್ ಮಂಡಳಿ ಫ್ರೇಜರ್‌ಗೆ ವಿಶೇಷ ಗೌರವ ನೀಡಿತು. ಈ ಪ್ರಕರಣದಲ್ಲಿ ಶಿಕ್ಷೆ ಸಾಧ್ಯವಾಗಿಸಿದ್ದರಲ್ಲಿ ವಿಡಿಯೊದಷ್ಟೇ ಪಾಲು, ನಗರದ ಪೊಲೀಸ್ ಮುಖ್ಯಸ್ಥರೇ ಸಾಕ್ಷಿಕಟ್ಟೆ ಹತ್ತಿ ಇದು ತರಬೇತಿಗೆ ವಿರುದ್ಧವೆಂದು ಹೇಳಿದ್ದರದು. ಅಂಥ ಸಾಕ್ಷ್ಯ ಅಪರೂಪ.

ಇಲಾಖೆಯ ಕೈಯಲ್ಲಿರುವ ಕ್ಯಾಮೆರಾ

ಪೊಲೀಸರಿಗೇ ಕ್ಯಾಮೆರಾ ಕಟ್ಟಿದರೆ ಜಗಳ ಮುಗಿಯುತ್ತದೆಂಬ ಆಸೆ 2012–13ರಲ್ಲಿ ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಸಣ್ಣ ಊರಿನ ಪ್ರಯೋಗದಿಂದ ಬಲಗೊಂಡಿತು. ಅಲ್ಲಿ ಬಲಪ್ರಯೋಗವೂ ದೂರುಗಳೂ ಗಣನೀಯವಾಗಿ ಇಳಿದಿದ್ದವು. 2,000ಕ್ಕೂ ಹೆಚ್ಚು ಅಧಿಕಾರಿಗಳನ್ನು ಒಳಗೊಂಡು ವಾಷಿಂಗ್ಟನ್ ನಗರದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದೃಶ್ಯ ಯಾರ ಬೀಗದ ಕೆಳಗಿದೆ ಎಂಬುದೇ ಇಲ್ಲಿ ಮುಖ್ಯ. 2014ರ ಅಕ್ಟೋಬರ್‌ನಲ್ಲಿ ಷಿಕಾಗೊ ಪೊಲೀಸನೊಬ್ಬ ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ 17 ವರ್ಷದ ಹುಡುಗನಿಗೆ 16 ಗುಂಡು ಹೊಡೆದ. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಅದು ದಾಖಲಾಗಿತ್ತು. ಕುಟುಂಬಕ್ಕೆ 50 ಲಕ್ಷ ಡಾಲರ್ ಕೊಟ್ಟ ನಗರಾಡಳಿತ ದೃಶ್ಯವನ್ನು ಮಾತ್ರ 13 ತಿಂಗಳು ಬಿಡಲಿಲ್ಲ. ನ್ಯಾಯಾಧೀಶರ ಆದೇಶದಂತೆ ಅದು ಹೊರಬಂದ ದಿನವೇ ಪೊಲೀಸನ ಮೇಲೆ ಕೊಲೆ ಆರೋಪ ದಾಖಲಾಯಿತು. 2018ರಲ್ಲಿ ಅವನು ತಪ್ಪಿತಸ್ಥನೆಂದು ತೀರ್ಮಾನವಾಯಿತು.

ಪೊಲೀಸರ ಅಳಲನ್ನು 2015ರ ಅಕ್ಟೋಬರ್‌ನಲ್ಲಿ ಆಗಿನ ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಷಿಕಾಗೊ ವಿಶ್ವವಿದ್ಯಾಲಯದ ಭಾಷಣದಲ್ಲಿ ಬಹಿರಂಗವಾಗಿ ಆಡಿದರು. ಫೋನ್ ಹಿಡಿದ ಹುಡುಗರು ಸುತ್ತುವರಿಯುತ್ತಾರೆಂಬ ಅಳುಕಿನಿಂದ ಪೊಲೀಸರು ಕಾರಿನಿಂದ ಇಳಿಯಲೇ ಹಿಂಜರಿಯುತ್ತಿದ್ದಾರೆ, ಅದರಿಂದ ಅಪರಾಧ ಹೆಚ್ಚುತ್ತಿರಬಹುದು ಎಂಬುದು ಅವರ ಅಭಿಪ್ರಾಯ. ಆಧಾರವೇನೆಂದು ಶ್ವೇತಭವನವೇ ಪ್ರಶ್ನಿಸಿತು. ಘಟನೆಯ ಮೊದಲ ಅರ್ಧ ಕತ್ತರಿಸಿದ ತುಣುಕುಗಳು, ಅಧಿಕಾರಿಯ ಮನೆ ವಿಳಾಸ ಹರಡುವುದು, ಪೊಲೀಸರನ್ನು ಕೆಣಕಿ ಚಿತ್ರಿಸಿ ಯೂಟ್ಯೂಬಿನಲ್ಲಿ ಹಣ ಮಾಡುವ ಸ್ವಘೋಷಿತ ‘ಆಡಿಟರ್’ಗಳು, ಇವೂ ಈ ಪಕ್ಷದ ದೂರುಗಳಲ್ಲಿವೆ. ಕೊನೆಯದನ್ನು ಅಲ್ಲಗಳೆಯುವುದು ಕಷ್ಟ.

ಬ್ರಿಟನ್ ಮತ್ತು ಫ್ರಾನ್ಸ್

ಬ್ರಿಟನ್‌ನಲ್ಲಿ ವಿವಾದ ಭಯೋತ್ಪಾದನೆ ತಡೆ ಕಾನೂನಿನ ಮೇಲೆ ನಿಂತಿತ್ತು. 2000ದ ಕಾಯ್ದೆಯ 44ನೇ ಸೆಕ್ಷನ್, ಸಂಶಯವಿಲ್ಲದೆಯೂ ಯಾರನ್ನೂ ತಡೆದು ಶೋಧಿಸುವ ಅಧಿಕಾರ ಕೊಟ್ಟಿತ್ತು. ಛಾಯಾಗ್ರಾಹಕರು ಅದರ ಬಿಸಿ ಉಂಡರು. 2009ರ ಫೆಬ್ರುವರಿಯಲ್ಲಿ ಜಾರಿಗೆ ಬಂದ 58ಎ ಸೆಕ್ಷನ್, ಭಯೋತ್ಪಾದಕರಿಗೆ ಉಪಯೋಗವಾಗಬಲ್ಲ ಮಾಹಿತಿಯನ್ನು ಪೊಲೀಸರ ಬಗ್ಗೆ ಸಂಗ್ರಹಿಸುವುದನ್ನು ಅಪರಾಧವಾಗಿಸಿತು. ಫೋಟೊ ಅದರಲ್ಲಿ ಸೇರುತ್ತದೆಯೇ ಎಂಬ ಭಯದಿಂದ ಛಾಯಾಗ್ರಾಹಕರು ಸ್ಕಾಟ್ಲೆಂಡ್ ಯಾರ್ಡ್ ಎದುರು ಕ್ಯಾಮೆರಾ ಹಿಡಿದೇ ಪ್ರತಿಭಟಿಸಿದರು. ಆರು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 1ರಂದು, ಜಿ–20 ಪ್ರತಿಭಟನೆಯ ನಡುವೆ ಮನೆಗೆ ಹೊರಟಿದ್ದ ಪತ್ರಿಕೆ ಮಾರುವ ಇಯಾನ್ ಟಾಮ್ಲಿನ್ಸನ್ ಕುಸಿದು ಸತ್ತ. ಮೊದಲ ಶವಪರೀಕ್ಷೆ ಹೃದಯಾಘಾತವೆಂದಿತು. ಪೊಲೀಸನೊಬ್ಬ ಹಿಂದಿನಿಂದ ಹೊಡೆದು ನೂಕಿದ ವಿಡಿಯೊವನ್ನು ‘ಗಾರ್ಡಿಯನ್’ ಆರು ದಿನದ ಮೇಲೆ ಪ್ರಕಟಿಸಿತು. 2011ರಲ್ಲಿ ಸಾವಿನ ವಿಚಾರಣೆಯ ಜ್ಯೂರಿ ಇದು ಕಾನೂನುಬಾಹಿರ ಹತ್ಯೆಯೆಂದಿತು, 2012ರಲ್ಲಿ ಕ್ರಿಮಿನಲ್ ಜ್ಯೂರಿ ಪೊಲೀಸನನ್ನು ಖುಲಾಸೆ ಮಾಡಿತು, ಬಳಿಕ ಇಲಾಖೆ ಅವನನ್ನು ವಜಾ ಮಾಡಿತು. 1979ರಲ್ಲಿ ಸೌತ್‌ಹಾಲ್‌ನ ಪ್ರತಿಭಟನೆಯಲ್ಲಿ ಸತ್ತ ಶಿಕ್ಷಕ ಬ್ಲೇರ್ ಪೀಚ್ ಕುರಿತ ಆಂತರಿಕ ವರದಿ, ಏಟು ಹೊಡೆದವನು ಬಹುತೇಕ ಖಚಿತವಾಗಿ ಪೊಲೀಸನೇ ಎಂದಿದ್ದರೂ 31 ವರ್ಷ ಗುಪ್ತವಾಗಿತ್ತು. ಟಾಮ್ಲಿನ್ಸನ್ ಪ್ರಕರಣದ ಬಿಸಿಗೆ ಅದು 2010ರಲ್ಲಿ ಹೊರಬಂತು. 44ನೇ ಸೆಕ್ಷನ್ನನ್ನು ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಅದೇ ವರ್ಷ ತಪ್ಪೆಂದಿತು.

ಫ್ರಾನ್ಸ್ 2020ರ ನವೆಂಬರ್‌ನಲ್ಲಿ, ಹಾನಿಯ ಉದ್ದೇಶದಿಂದ ಪೊಲೀಸರ ಮುಖ ತೋರಿಸುವ ಚಿತ್ರ ಹರಡಿದರೆ ಒಂದು ವರ್ಷ ಸೆರೆ, 45,000 ಯೂರೊ ದಂಡ ಎಂಬ ಮಸೂದೆ ತಂದಿತು. ಅದರ ಚರ್ಚೆಯ ದಿನಗಳಲ್ಲೇ ಪ್ಯಾರಿಸ್‌ನಲ್ಲಿ ಮಿಶೆಲ್ ಝೆಕ್ಲರ್ ಎಂಬ ಸಂಗೀತ ನಿರ್ಮಾಪಕನನ್ನು ಅವನ ಸ್ಟುಡಿಯೊದೊಳಗೆ ಪೊಲೀಸರು ಥಳಿಸಿದ ದೃಶ್ಯ ಬಯಲಾಯಿತು. ಸರ್ಕಾರ ಆ ವಿಧಿಯನ್ನು ತಿದ್ದಿ ಬರೆಯಿತು. 2021ರ ಮೇ ತಿಂಗಳಲ್ಲಿ ಸಂವಿಧಾನ ಮಂಡಳಿ ತಿದ್ದಿದ್ದನ್ನೂ ಅಸ್ಪಷ್ಟವೆಂದು ರದ್ದುಪಡಿಸಿತು.

ಭಾರತ

ಭಾರತದಲ್ಲಿ ಪೊಲೀಸರ ವಿಡಿಯೊ ತೆಗೆಯಬಾರದೆಂಬ ಕಾನೂನು ಇಲ್ಲ. ತೆಗೆದವರ ಮೇಲೆ ಬೀಳುವ ಮೊಕದ್ದಮೆ ಸಾಮಾನ್ಯವಾಗಿ ‘ಸರ್ಕಾರಿ ಕರ್ತವ್ಯಕ್ಕೆ ಅಡ್ಡಿ’ಯದು: ಮೊದಲು ಭಾರತೀಯ ದಂಡ ಸಂಹಿತೆಯ 186 ಮತ್ತು 353ನೇ ಸೆಕ್ಷನ್‌ಗಳು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 221 ಮತ್ತು 132. ಠಾಣೆಯೊಳಗೆ ಚಿತ್ರಿಸಿದವರ ಮೇಲೆ 1923ರ ಅಧಿಕೃತ ರಹಸ್ಯ ಕಾಯ್ದೆಯನ್ನೂ ಹೇರಿದ್ದುಂಟು. ನೆರೆಮನೆಯವರೊಡನೆ ಜಗಳವಾಗಿ ಮಹಾರಾಷ್ಟ್ರದ ವರ್ಧಾ ಠಾಣೆಗೆ ಹೋಗಿದ್ದವನ ಮೇಲಿನ ಇಂಥ ಮೊಕದ್ದಮೆಯನ್ನು 2022ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ರದ್ದು ಮಾಡಿತು. ಆ ಕಾಯ್ದೆ ನಿಷೇಧಿತವೆಂದು ಹೆಸರಿಸುವ ಸೇನಾ ನೆಲೆ, ಶಸ್ತ್ರಾಗಾರಗಳಂಥ ಜಾಗಗಳ ಪಟ್ಟಿಯಲ್ಲಿ ಪೊಲೀಸ್ ಠಾಣೆ ಇಲ್ಲವೇ ಇಲ್ಲ ಎಂಬುದು ಪೀಠದ ಸರಳ ಕಾರಣ.

2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂ ಠಾಣೆಯಲ್ಲಿ ಹಿಂಸೆಗೊಳಗಾದ ತಂದೆ, ಮಗ ಇಬ್ಬರೂ ಸತ್ತಾಗ ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರಿಗೆ ಆ ರಾತ್ರಿಯ ಸಿಸಿಟಿವಿ ದೃಶ್ಯ ಸಿಗಲಿಲ್ಲ. ದಿನದ ದೃಶ್ಯ ದಿನವೇ ಅಳಿಯುವಂತೆ ಯಂತ್ರವನ್ನು ಹೊಂದಿಸಲಾಗಿತ್ತು. ಸತ್ಯ ಹೊರಬರಲು ನೆರವಾದದ್ದು ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಧೈರ್ಯಮಾಡಿ ಕೊಟ್ಟ ಹೇಳಿಕೆ. ಅದೇ ವರ್ಷದ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಲ್ಲ ಠಾಣೆಗಳಲ್ಲೂ ಶಬ್ದ ಸಹಿತ ಚಿತ್ರಿಸುವ, ಕತ್ತಲಲ್ಲೂ ಕಾಣುವ ಕ್ಯಾಮೆರಾ ಹಾಕಿ ದೃಶ್ಯವನ್ನು 18 ತಿಂಗಳು, ಅದು ಸಾಧ್ಯವಾಗದ ಕಡೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕೆಂದು ಆದೇಶಿಸಿತು. ಸುಮಾರು ಐದು ವರ್ಷದ ಬಳಿಕವೂ ಕ್ಯಾಮೆರಾಗಳ ಕೊರತೆಯನ್ನು ಅದು ತಾನಾಗಿ ವಿಚಾರಣೆಗೆ ಎತ್ತಿಕೊಳ್ಳಬೇಕಾಯಿತು. ಶೋಧ ಮತ್ತು ಜಪ್ತಿಯ ವಿಡಿಯೊ ತೆಗೆಯುವುದನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಈಗ ಪೊಲೀಸರಿಗೇ ಕಡ್ಡಾಯ ಮಾಡಿದೆ.

ಕರ್ನಾಟಕದಲ್ಲಿ ಚಿತ್ರಗಳ ಜಗಳ ಬಿರುಸಾಗಿ ನಡೆದದ್ದು 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆಯ ವೇಳೆ ಗೋಲಿಬಾರಿಗೆ ಇಬ್ಬರು ಬಲಿಯಾದ ನಂತರ. ಪೊಲೀಸರೂ ಅವರ ಟೀಕಾಕಾರರೂ ತಮ್ಮ ತಮ್ಮ ತುಣುಕುಗಳನ್ನು ಬಿಡುಗಡೆ ಮಾಡಿದರು. ಬಂಧಿತರಿಗೆ ಜಾಮೀನು ಕೊಡುತ್ತ 2020ರ ಫೆಬ್ರುವರಿಯಲ್ಲಿ ಹೈಕೋರ್ಟ್, ಅರ್ಜಿದಾರರ ಫೋಟೊಗಳಲ್ಲಿ ಪೊಲೀಸರೇ ಕಲ್ಲು ತೂರುವುದು ಕಾಣುತ್ತದೆಂದು ದಾಖಲಿಸಿತು. ಸುಪ್ರೀಂ ಕೋರ್ಟ್ ಮಾರ್ಚ್‌ನಲ್ಲಿ ಆ ಆದೇಶಕ್ಕೆ ತಡೆ ನೀಡಿ, ಸೆಪ್ಟೆಂಬರ್‌ನಲ್ಲಿ ಷರತ್ತಿನ ಮೇಲೆ ತಾನೇ ಜಾಮೀನು ಕೊಟ್ಟಿತು. ಇನ್ನೊಂದು ದಿಕ್ಕಿನ ಚಿತ್ರೀಕರಣಕ್ಕೆ ಇಲ್ಲಿ ಪ್ರೋತ್ಸಾಹವೇ ಇದೆ: ಸಂಚಾರ ನಿಯಮ ಮುರಿದವರ ಫೋಟೊ ಕಳಿಸಿರೆಂದು ಬೆಂಗಳೂರು ಸಂಚಾರ ಪೊಲೀಸರು 2015ರಲ್ಲೇ ‘ಪಬ್ಲಿಕ್ ಐ’ ಆ್ಯಪ್ ತಂದರು.

ಮೊಬೈಲ್ ದೃಶ್ಯವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ತುಣುಕಿಗೆ ಅದನ್ನು ಒದಗಿಸುವುದು ಸುಲಭವಲ್ಲ. ಅದಾದ ಮೇಲೂ ಉಳಿಯುವ ತಡೆ ಪೂರ್ವಾನುಮತಿಯದು. ಕರ್ತವ್ಯದ ನೆಲೆಯಲ್ಲಿ ಮಾಡಿದ ಕೃತ್ಯಕ್ಕಾಗಿ ಪೊಲೀಸ್ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಅನುಮತಿ ಬೇಕೆಂದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ ಹೇಳುತ್ತದೆ. ಬೆಂಗಳೂರಿನಲ್ಲಿ ಪೊಲೀಸ್ ವಶದಲ್ಲಿದ್ದಾಗ ತನ್ನ ಮೇಲೆ ಹಲ್ಲೆ ನಡೆಯಿತೆಂದು ಒಬ್ಬರು ಕೊಟ್ಟಿದ್ದ ಖಾಸಗಿ ದೂರನ್ನು 2020ರ ಜೂನ್‌ನಲ್ಲಿ, ಡಿ. ದೇವರಾಜ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಈ ಅನುಮತಿ ಇಲ್ಲವೆಂಬ ಕಾರಣಕ್ಕೆ ರದ್ದು ಮಾಡಿತು. ಅಧಿಕಾರದ ಮಿತಿ ಮೀರಿದ ಕೃತ್ಯವಾದರೂ ಕರ್ತವ್ಯಕ್ಕೆ ಅದರ ನಂಟು ಇದ್ದರೆ ಅನುಮತಿ ಬೇಕು. ಅನುಮತಿ ಬೇಡದ ಕೃತ್ಯಕ್ಕೆ ತೀರ್ಪು ಕೊಟ್ಟ ಉದಾಹರಣೆ, ಮನೆಗೆಲಸದವರನ್ನು ಹೊಡೆಯುವ ಪೊಲೀಸನದು.